ಸ್ಕೈವಾಕ್ ಮೆಟ್ಟಿಲು ಎಲ್ಲಿ ಇಳಿಯುತ್ತದೆ? ಒಂದು ಬೆಂಗಳೂರು ರಸ್ತೆ ಮತ್ತು ಮಿಕ್ಸ್‌ಡ್ ರಿಯಾಲಿಟಿ

ದಕ್ಷಿಣ ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ ಸ್ಕೈವಾಕ್, ಅಂದರೆ ಜನ ರಸ್ತೆಯ ಮೇಲಿಂದ ನಡೆದು ದಾಟುವ ಸೇತುವೆ, ಕಟ್ಟುವ ಪ್ರಸ್ತಾವ ಬಂತು. ರಸ್ತೆಯ ಒಂದು ಕಡೆ ಸರ್ಕಾರಿ ಶಾಲೆ. ಎದುರುಗಡೆ ಬಸ್ ಸ್ಟಾಪ್, ಅದರ ಪಕ್ಕದಲ್ಲಿ ಸೊಪ್ಪು, ಹೂವು, ಹಣ್ಣು ಮಾರುವವರ ಸಾಲು, ಒಂದು ದರ್ಶಿನಿ, ಒಂದು ಆಟೋ ಸ್ಟ್ಯಾಂಡ್. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಅಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಬೇಕು. ಹಾಗಾಗಿ ಏನಾದರೂ ಮಾಡಲೇಬೇಕು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಏನು ಮಾಡಬೇಕು ಅಂತ ಮಾತ್ರ ಅಲ್ಲಿ ಓಡಾಡುವವರನ್ನು ಯಾರೂ ಕೇಳಿರಲಿಲ್ಲ.

ನಾನು ಇದೇ ಬಡಾವಣೆಯವಳು. ಕಟ್ಟಡಗಳ ತ್ರೀಡಿ ಮಾದರಿ ಮಾಡುವುದು ನನ್ನ ಕೆಲಸ. ಅಕ್ಕಪಕ್ಕದ ಬೀದಿಗಳ ಕೆಲವರು, ಆರ್ಕಿಟೆಕ್ಚರ್ ಓದುವ ಒಂದಷ್ಟು ಹುಡುಗರು ಸೇರಿಕೊಂಡು, ಆ ಸ್ಕೈವಾಕ್ ಕಟ್ಟಿದರೆ ಹೇಗಿರುತ್ತದೆ ಅಂತ ಅದೇ ಜಾಗದಲ್ಲಿ, ನಿಜವಾದ ಅಳತೆಯಲ್ಲಿ ಎಲ್ಲರಿಗೂ ತೋರಿಸಿದೆವು. ಫೈಲು ಇನ್ನೂ ಮುಚ್ಚಿಲ್ಲದ್ದರಿಂದ ಬಡಾವಣೆಯ ಹೆಸರಾಗಲಿ ಇಲಾಖೆಯ ಹೆಸರಾಗಲಿ ಇಲ್ಲಿ ಹೇಳುವುದಿಲ್ಲ. ಏನು ಮಾಡಿದೆವು, ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ನಿಮ್ಮ ಬೀದಿಗೂ ಇಂಥದ್ದು ಬಂದರೆ ಉಪಯೋಗಕ್ಕೆ ಬರಲಿ.

ಹಾಳೆಯ ಮೇಲೆ ಐದು ಮಿಲಿಮೀಟರ್

ಜನರಿಗೆ ಅಂತ ಸಿಕ್ಕಿದ್ದು ಒಂದೇ ಒಂದು ಎ3 ಹಾಳೆ. ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮೇಲಿನಿಂದ ನೋಡಿದ ನಕ್ಷೆ, ಬರಹವೆಲ್ಲ ಇಂಗ್ಲಿಷ್‌ನಲ್ಲಿ, 1:500 ಸ್ಕೇಲ್. ಈ ಸ್ಕೇಲ್‌ನಲ್ಲಿ ಎರಡೂವರೆ ಮೀಟರ್ ಫುಟ್‌ಪಾತ್ ಹಾಳೆಯ ಮೇಲೆ 5 ಮಿಲಿಮೀಟರ್ ಆಗುತ್ತದೆ. ಅದರೊಳಗೆ ಮೆಟ್ಟಿಲನ್ನು ಸೂಚಿಸುವ ಗೆರೆಗಳ ಒಂದು ಆಯತ, 4 ಮಿಲಿಮೀಟರ್ ಅಗಲ. ನೋಡೋಕೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಲೆಕ್ಕ ಹಾಕಿ: 4 ಮಿಲಿಮೀಟರ್ ಅಂದರೆ 2 ಮೀಟರ್. ಉಳಿಯುವ 1 ಮಿಲಿಮೀಟರ್ ಅಂದರೆ ಅರ್ಧ ಮೀಟರ್. ಅಂಗಡಿಯ ಗೋಡೆಗೂ ಮೆಟ್ಟಿಲಿಗೂ ನಡುವೆ ಅಷ್ಟೇ ಜಾಗ. ಕೈಯಲ್ಲಿ ತರಕಾರಿ ಚೀಲ ಇದ್ದರೆ ಅಡ್ಡ ತಿರುಗಿ ನುಸುಳಬೇಕು, ಗಾಲಿಕುರ್ಚಿಯಂತೂ ಹೋಗುವುದೇ ಇಲ್ಲ. ಪಾದಚಾರಿಗಳ ಸೌಲಭ್ಯಕ್ಕೆ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ, ಐಆರ್‌ಸಿ 103, ಏನೂ ಅಡ್ಡ ಇಲ್ಲದ 1.8 ಮೀಟರ್ ಅಗಲವಾದರೂ ಇರಲೇಬೇಕು ಅನ್ನುತ್ತದೆ.

ಎತ್ತರದ ವಿಷಯ ಆ ಹಾಳೆಯಲ್ಲಿ ಕಾಣುವುದೇ ಇಲ್ಲ. ನಗರದ ರಸ್ತೆಯ ಮೇಲೆ ಏನಾದರೂ ಕಟ್ಟಿದರೆ ಕೆಳಗೆ 5.5 ಮೀಟರ್ ಖಾಲಿ ಬಿಡಬೇಕು, ಲಾರಿ ಬಸ್ಸು ಹೋಗಬೇಕಲ್ಲ. ಮೇಲಿನ ತೊಲೆಯ ದಪ್ಪ ಸೇರಿಸಿದರೆ ನಡೆಯುವ ಮಟ್ಟ 6 ಮೀಟರ್ ಹತ್ತಿರ ಬರುತ್ತದೆ. 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಾದರೆ 40 ಮೆಟ್ಟಿಲು ಹತ್ತಬೇಕು, ಆಚೆ ಕಡೆ 40 ಇಳಿಯಬೇಕು. ಲಿಫ್ಟ್ ಇರುತ್ತದೆ ಅಂತ ಬರೆದಿದ್ದರು. ಲಿಫ್ಟ್ ಕೆಟ್ಟರೆ? ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರಿನಲ್ಲಿ ರಾಂಪ್ ಮಾಡೋಣ ಅಂದರೆ 6 ಮೀಟರ್ ಎತ್ತರಕ್ಕೆ 72 ಮೀಟರ್ ಉದ್ದ ಬೇಕು, ನಡುನಡುವೆ ನಿಲ್ಲುವ ಸಮತಟ್ಟು ಬೇರೆ. ಅಷ್ಟು ಜಾಗ ಆ ರಸ್ತೆಯಲ್ಲಿ ಇಲ್ಲ.

ನಕ್ಷೆ ಓದೋಕೆ ಬರುವವರಿಗೆ ಇದೆಲ್ಲ ಐದು ನಿಮಿಷದ ಲೆಕ್ಕ. ಓದೋಕೆ ಬರದವರಿಗೆ ಆ ಹಾಳೆ ಏನೂ ಹೇಳುವುದಿಲ್ಲ. ಮತ್ತು ಆ ಜಾಗ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ನನ್ನನ್ನು ಈ ಕೆಲಸಕ್ಕೆ ಇಳಿಸಿದ್ದು ಇದೇ.

ಬೆಂಗಳೂರಿಗೆ ಇದು ಹೊಸದೇನಲ್ಲ. 2016ರ ಸ್ಟೀಲ್ ಫ್ಲೈಓವರ್ ನೆನಪಿದೆ ಅಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್. 812 ಮರ ಕಡಿಯಬೇಕಾಗುತ್ತದೆ ಅನ್ನುವ ಲೆಕ್ಕ ಹೊರಬಂದ ಮೇಲೆ, ಅದೇ ಅಕ್ಟೋಬರ್ 16ಕ್ಕೆ ಸಾವಿರಾರು ಜನ ಆ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತು ‘ಬೇಡ’ ಅಂದರು. ಹಸಿರು ನ್ಯಾಯಮಂಡಳಿಯ ತಡೆ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಾನು ಅದನ್ನು ಜನರ ಗೆಲುವು ಅಂತಲೇ ಎಣಿಸುತ್ತೇನೆ. ಆದರೆ ಬೀದಿಗಿಳಿದು ಬೇಡ ಅನ್ನುವ ಹಂತಕ್ಕೆ ಬರುವ ಹೊತ್ತಿಗೆ ಟೆಂಡರು, ಗುತ್ತಿಗೆ ಎಲ್ಲ ಮುಂದೆ ಹೋಗಿರುತ್ತದೆ, ಎರಡೂ ಕಡೆಯವರು ಹಟಕ್ಕೆ ಬಿದ್ದಿರುತ್ತಾರೆ, ಇದರ ಬದಲು ಏನು ಮಾಡಬಹುದು ಅಂತ ಕೂತು ಮಾತಾಡುವ ತಾಳ್ಮೆ ಯಾರಲ್ಲೂ ಉಳಿದಿರುವುದಿಲ್ಲ. ಅಷ್ಟು ದೊಡ್ಡ ಯೋಜನೆಗೆ ಸಾವಿರಾರು ಜನ ಬಂದರು. ಒಂದು ಬೀದಿಯ ಸ್ಕೈವಾಕ್‌ಗೆ ಯಾರು ಬರುತ್ತಾರೆ? ಮರದ ಕಾನೂನೇ ನೋಡಿ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ನಮ್ಮ ರಸ್ತೆಯಲ್ಲಿ ಹೋಗುವುದು ಒಂದು ಹೊಂಗೆ ಮರದ ಅರ್ಧ ಭಾಗ. ಅದಕ್ಕೆ ಯಾವ ಪ್ರಕಟಣೆಯೂ ಬೇಕಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು. ಹೋಗಿ ಹೇಳಿಕೊಳ್ಳೋಣ ಅಂದರೆ ಕಾರ್ಪೊರೇಟರ್ ಕೂಡ ಇರಲಿಲ್ಲ.

ಏನು ಮಾಡಿದೆವು

ಮಿಕ್ಸ್‌ಡ್ ರಿಯಾಲಿಟಿ ಅಂದರೆ ಏನು ಅಂತ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಅನ್ನುವ ಸಂಶೋಧಕರು 1994ರಲ್ಲಿ ಒಂದು ಗೆರೆ ಎಳೆದು ತೋರಿಸಿದ್ದರು. ಗೆರೆಯ ಒಂದು ತುದಿಯಲ್ಲಿ ನಿಜವಾದ ಜಗತ್ತು, ಇನ್ನೊಂದು ತುದಿಯಲ್ಲಿ ಪೂರ್ತಿ ಕಂಪ್ಯೂಟರ್ ಸೃಷ್ಟಿಸಿದ ಜಗತ್ತು. ನಡುವೆ ಇರುವುದೆಲ್ಲ ಮಿಕ್ಸ್‌ಡ್ ರಿಯಾಲಿಟಿ. ನಮಗೆ ಬೇಕಾಗಿದ್ದು ನಿಜದ ತುದಿಗೆ ಹತ್ತಿರದ್ದು: ನಿಜವಾದ ರಸ್ತೆ, ನಿಜವಾದ ಬಸ್ಸು, ನಿಜವಾದ ಜನ, ಅವರ ನಡುವೆ ಇನ್ನೂ ಕಟ್ಟದ ಒಂದು ಸ್ಕೈವಾಕ್.

ಊರು ಕಟ್ಟುವ ವಿಷಯದಲ್ಲಿ ಇದನ್ನು ಬೇರೆ ಕಡೆ ಮಾಡಿದ್ದಾರೆ. ನಗರ, ವಸತಿಗಳ ಕೆಲಸ ನೋಡುವ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್, ಮೈನ್‌ಕ್ರಾಫ್ಟ್ ಆಟ ಮಾಡಿದ ಮೊಜಾಂಗ್ ಕಂಪನಿಯ ಜೊತೆ ಸೇರಿ 2012ರಲ್ಲಿ ‘ಬ್ಲಾಕ್ ಬೈ ಬ್ಲಾಕ್’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಬಡಾವಣೆಯ ಜನ ಮೈನ್‌ಕ್ರಾಫ್ಟ್ ಆಟದೊಳಗೆ ತಮ್ಮ ಪಾರ್ಕು, ಮೈದಾನ ಹೇಗಿರಬೇಕು ಅಂತ ಕಟ್ಟಿ ತೋರಿಸುತ್ತಾರೆ. ಆಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿ ಎರಿಕ್ಸನ್ ಕಂಪನಿಯ ಜೊತೆ ಸೇರಿ ಅಂಥ ಮಾದರಿಗಳನ್ನು ಆಯಾ ಜಾಗದಲ್ಲೇ ನಿಂತು ಮಿಕ್ಸ್‌ಡ್ ರಿಯಾಲಿಟಿಯಲ್ಲಿ ನೋಡುವುದನ್ನೂ ಪ್ರಯತ್ನಿಸಿದರು. ನಮಗೆ ಅದರಿಂದ ಸಿಕ್ಕ ಧೈರ್ಯ ದೊಡ್ಡದು. ಕೋಣೆಯಲ್ಲಿ ಕೂತು ಪರದೆ ನೋಡುವುದಕ್ಕೂ ರಸ್ತೆಯಲ್ಲಿ ನಿಂತು ನೋಡುವುದಕ್ಕೂ ವ್ಯತ್ಯಾಸ ಇದೆ ಅಂತ ಬೇರೆಯವರಿಗೂ ಅನ್ನಿಸಿದೆಯಲ್ಲ.

ಮೊದಲು ಅಳತೆ. ಟೇಪು, ಲೇಸರ್ ಮೀಟರ್ ಹಿಡಿದು ಫುಟ್‌ಪಾತ್ ಅಗಲ, ಮೋರಿಯ ಚಪ್ಪಡಿ, ಬೆಸ್ಕಾಂ ಕಂಬ, ಟ್ರಾನ್ಸ್‌ಫಾರ್ಮರ್, ಹೊಂಗೆಯ ಬುಡ, ಕೊಂಬೆಗಳ ಎತ್ತರ, ಅಂಗಡಿಗಳ ಮುಂದಿನ ಮೆಟ್ಟಿಲು, ಎಲ್ಲ ಬರೆದುಕೊಂಡೆವು. ಇಲಾಖೆಯ ನಕ್ಷೆಯಲ್ಲಿದ್ದ ಅಳತೆಯಂತೆಯೇ ಸ್ಕೈವಾಕನ್ನು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟಿ, ಇಂಥ ಆ್ಯಪ್ ಮಾಡೋಕೆ ಬಳಸುವ ಯುನಿಟಿ ಸಾಫ್ಟ್‌ವೇರ್‌ಗೆ ಹಾಕಿ, ಟ್ಯಾಬ್ಲೆಟ್‌ಗೂ ತಲೆಗೆ ಹಾಕಿಕೊಂಡು ನೋಡುವ ಕ್ವೆಸ್ಟ್ 3 ಹೆಡ್‌ಸೆಟ್‌ಗೂ ಸಿದ್ಧ ಮಾಡಿದೆವು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಹೆಡ್‌ಸೆಟ್ ಬಗ್ಗೆಯೂ ಯೋಚಿಸಿದ್ದೆವು. ಆದರೆ 2024ರಲ್ಲಿ ಅವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದರು. ಜೊತೆಗೆ ಎರಡನೇ ಹೋಲೋಲೆನ್ಸ್‌ನಲ್ಲಿ ಚಿತ್ರ ಕಾಣುವ ಕೋನ ಮೂಲೆಯಿಂದ ಮೂಲೆಗೆ 52 ಡಿಗ್ರಿ ಮಾತ್ರ. ಹತ್ತಿರ ನಿಂತರೆ ಮೆಟ್ಟಿಲು ಕಾಣುತ್ತದೆ, ಅದರ ಮೇಲಿನ ಸೇತುವೆ ಕತ್ತರಿಸಿ ಹೋಗುತ್ತದೆ. ಎತ್ತರವನ್ನೇ ತೋರಿಸಬೇಕಾದ ಕಡೆ ಅದು ಸಾಲದು.

ಅತಿ ಹೆಚ್ಚು ತಲೆ ಕೆಡಿಸಿದ್ದು ಮಾದರಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಫೋನಿನ ಜಿಪಿಎಸ್ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಮರ, ಕಟ್ಟಡ ಇರುವ ಕಡೆ ಇನ್ನೂ ಜಾಸ್ತಿ. ನಮ್ಮ ರಸ್ತೆ 14 ಮೀಟರ್ ಅಗಲ. 5 ಮೀಟರ್ ತಪ್ಪಾದರೆ ಮೆಟ್ಟಿಲು ದರ್ಶಿನಿಯ ಅಡುಗೆಮನೆಯೊಳಗೋ ರಸ್ತೆಯ ನಡುವೆಯೋ ಹೋಗಿ ಇಳಿಯುತ್ತದೆ. ಅರ್ಧ ಮೀಟರ್ ಉಳಿಯುತ್ತದಾ ಇಲ್ವಾ ಅನ್ನುವುದೇ ಇಲ್ಲಿನ ಪ್ರಶ್ನೆ. ಅದಕ್ಕೆ ಜಿಪಿಎಸ್ ಬಿಟ್ಟು, ದೊಡ್ಡದಾಗಿ ಪ್ರಿಂಟ್ ಮಾಡಿದ ಗುರುತಿನ ಹಾಳೆಗಳನ್ನು ಅಳತೆ ಮಾಡಿದ ಜಾಗಗಳಲ್ಲಿ ಅಂಟಿಸಿದೆವು. ಒಂದು ಶಾಲೆಯ ಕಾಂಪೌಂಡಿಗೆ, ಒಂದು ಅಂಗಡಿಯ ಗೋಡೆಗೆ. ಕ್ಯಾಮೆರಾ ಆ ಹಾಳೆ ನೋಡಿದ ತಕ್ಷಣ ಸ್ಕೈವಾಕ್ ತನ್ನ ಜಾಗಕ್ಕೆ ಬಂದು ಕೂರುತ್ತದೆ. ತಪ್ಪು ಒಂದು ಗೇಣಿನೊಳಗೆ ಬಂತು. ಟೇಪು ಹಿಡಿದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಜನರನ್ನು ಕರೆದೆವು.

ಮಾದರಿಯೊಳಗೆ ಏನು ಇರಬೇಕು ಅನ್ನುವುದರ ಬಗ್ಗೆ ನಮ್ಮಲ್ಲೇ ಜೋರು ಚರ್ಚೆ ಆಯಿತು. ಸಾಮಾನ್ಯವಾಗಿ ಇಂಥ ಚಿತ್ರಗಳಲ್ಲಿ ರಸ್ತೆ ಖಾಲಿ ಇರುತ್ತದೆ, ಆಕಾಶ ನೀಲಿ ಇರುತ್ತದೆ, ಫುಟ್‌ಪಾತ್ ಮೇಲೆ ಒಬ್ಬರೋ ಇಬ್ಬರೋ ಆರಾಮಾಗಿ ನಡೆಯುತ್ತಿರುತ್ತಾರೆ. ಹೂವಿನ ಬುಟ್ಟಿ ಇರುವುದಿಲ್ಲ, ನಿಲ್ಲಿಸಿದ ಸ್ಕೂಟರ್ ಇರುವುದಿಲ್ಲ, ಜೋತುಬಿದ್ದ ಕೇಬಲ್ ಇರುವುದಿಲ್ಲ. ಮಿಕ್ಸ್‌ಡ್ ರಿಯಾಲಿಟಿಯಲ್ಲಿ ಈ ಜಾಣತನಕ್ಕೆ ಅವಕಾಶ ಕಡಿಮೆ. ರಸ್ತೆ ನಿಜವಾದದ್ದೇ ಆದ್ದರಿಂದ ಸ್ಕೂಟರ್ ಅಲ್ಲೇ ನಿಂತಿರುತ್ತದೆ, ಹೂವಿನವರು ಅಲ್ಲೇ ಕೂತಿರುತ್ತಾರೆ. ಈ ತಂತ್ರಜ್ಞಾನದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಬೀದಿ ವ್ಯಾಪಾರಿಗಳನ್ನು ಚಿತ್ರದಿಂದ ಅಳಿಸಿಹಾಕಿದರೆ ಅವರ ಹಕ್ಕಿನ ಮಾತೇ ಏಳುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಅವರದೇ ಪ್ರತಿನಿಧಿಗಳು ಇರಬೇಕು ಅನ್ನುತ್ತದೆ. ಆದರೂ ನಕ್ಷೆಯಲ್ಲಿ ಅವರಿಗೆ ಒಂದು ಚುಕ್ಕಿಯೂ ಇರಲಿಲ್ಲ.

ಜನ ನೋಡಿದ್ದು

ಶಾಲೆಗೆ ರಜೆ ಇದ್ದ ದಿನ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಗದ್ದಲ ಇರುವಾಗಲೇ ನೋಡಬೇಕು. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಮತ್ತೆ ಸಂಜೆ. ಬಿಸಿಲಿನಲ್ಲಿ ಹೆಡ್‌ಸೆಟ್‌ಗೆ ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕವೇ ತಪ್ಪುತ್ತದೆ, ಮಸೂರದ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆಯೇ ಸುಡಬಹುದು.

ಹೆಡ್‌ಸೆಟ್‌ನ ಸುತ್ತ ಜನ ಜಾಸ್ತಿ ಸೇರುತ್ತಾರೆ ಅಂತ ಹುಡುಗರು ಅಂದುಕೊಂಡಿದ್ದರು. ಸೇರಿದರು ನಿಜ. ಆದರೆ ಹಾಕಿಕೊಳ್ಳುವ ಮಾತು ಬಂದಾಗ ಹಿಂದೆ ಸರಿದವರೇ ಜಾಸ್ತಿ. ತುರುಬಿಗೆ ಮಲ್ಲಿಗೆ ಮುಡಿದವರಿಗೆ ಹಿಂದಿನ ಪಟ್ಟಿ ಹೇಗೆ ಬಿಗಿಯಬೇಕು? ಬುರ್ಖಾ ಹಾಕಿದವರು, ದಪ್ಪ ಕನ್ನಡಕದವರು, ಇನ್ನೊಬ್ಬರ ಬೆವರಿನ ಮೇಲೆ ತಮ್ಮ ಮುಖ ಇಡೋಕೆ ಇಷ್ಟವಿಲ್ಲದವರು, ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡ ಹಾಗೆ ನಿಲ್ಲೋಕೆ ಹೆದರುವ ಹೆಂಗಸರು. ಎಲ್ಲರ ಕಾರಣವೂ ಸರಿಯಾದದ್ದೇ. ಚಿಕ್ಕ ಮಕ್ಕಳಿಗೆ ತಯಾರಕರೇ ಬೇಡ ಅನ್ನುತ್ತಾರೆ, ಹಾಗಾಗಿ ನಾವೂ ಹಾಕಿಸಲಿಲ್ಲ.

ಕೆಲಸಕ್ಕೆ ಬಂದಿದ್ದು ಟ್ರೈಪಾಡ್ ಮೇಲೆ ಕೂರಿಸಿದ ದೊಡ್ಡ ಟ್ಯಾಬ್ಲೆಟ್. ಅದೊಂದು ಕಿಟಕಿಯ ಹಾಗೆ. ಐದಾರು ಜನ ಒಟ್ಟಿಗೆ ಇಣುಕಬಹುದು, ತಿರುಗಿಸಬಹುದು, ಬೆರಳಿಟ್ಟು ತೋರಿಸಬಹುದು, ಜಗಳ ಆಡಬಹುದು. ಹೆಡ್‌ಸೆಟ್ ಹಾಕಿದವರು ಒಬ್ಬರೇ ನೋಡುತ್ತಾರೆ, ಆಮೇಲೆ ತಾವು ನೋಡಿದ್ದನ್ನು ಬೇರೆಯವರಿಗೆ ಬಾಯಲ್ಲಿ ಹೇಳಬೇಕು. ಒಂದು ಬೀದಿಯ ಜನ ಸೇರಿ ತೀರ್ಮಾನಕ್ಕೆ ಬರಬೇಕಾದರೆ ಒಟ್ಟಿಗೆ ನೋಡುವುದು ಬಹಳ ಮುಖ್ಯ. ಅಂಗಡಿಯವರೊಬ್ಬರು ತಮ್ಮ ಟಿವಿಯನ್ನೇ ಹೊರಗೆ ತಂದಿಟ್ಟರು. ಹೆಡ್‌ಸೆಟ್‌ನಲ್ಲಿ ಕಾಣುವುದನ್ನು ಅದರ ಮೇಲೆ ಹಾಕಿದ ಮೇಲೆ ಮಾತು ನಿಜವಾಗಿ ಶುರುವಾಯಿತು.

ಬಸ್ ಸ್ಟಾಪ್ ಪಕ್ಕ ವರ್ಷಗಟ್ಟಲೆಯಿಂದ ಹೂವು ಮಾರುವ ಅಮ್ಮ ಒಬ್ಬರಿದ್ದಾರೆ. ಅವರು ಟ್ಯಾಬ್ಲೆಟ್ ನೋಡಿದರು. ತಮ್ಮ ಬುಟ್ಟಿ ಇರುವ ಜಾಗದಲ್ಲೇ ಮೆಟ್ಟಿಲಿನ ಮೊದಲ ಸಾಲು ಕಂಡಿತು. ನಾವು ಏನೂ ಹೇಳುವ ಮುಂಚೆಯೇ ಎದ್ದು ಹೋಗಿ, ಆ ಇಲ್ಲದ ಮೆಟ್ಟಿಲಿಗೂ ಗೋಡೆಗೂ ನಡುವೆ ನಿಂತುಕೊಂಡರು. ‘ನೋಡಮ್ಮ, ಇಲ್ಲಿ ನಾನೊಬ್ಬಳು ನಿಂತರೆ ಇನ್ನೊಬ್ಬರು ರಸ್ತೆಗೆ ಇಳಿಬೇಕು. ರಸ್ತೆಗೆ ಇಳಿಯೋದು ತಪ್ಪಿಸೋಕೇ ಅಲ್ವಾ ಇದನ್ನ ಕಟ್ತಿರೋದು?’ ಅಂದರು. ನೋಟಿಸ್ ಬೋರ್ಡಿನ ಮೇಲಿದ್ದ 1 ಮಿಲಿಮೀಟರ್ ಅಲ್ಲಿ ಒಬ್ಬ ಹೆಂಗಸಿನ ಅಗಲವಾಗಿ ನಿಂತಿತ್ತು. ಸುತ್ತ ಇದ್ದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಮಹಡಿ ಮನೆಯವರ ಆತಂಕ ಬೇರೆ. ಸೇತುವೆಯ ಮಟ್ಟ ಅವರ ಬಾಲ್ಕನಿಗೆ ಸರಿಯಾಗಿ ಬರುತ್ತದೆ. ನಕ್ಷೆಯಲ್ಲಿ ಇದು ಹೊಳೆದಿರಲಿಲ್ಲ, ಅವರ ಮನೆಯ ಬಾಲ್ಕನಿಯಿಂದಲೇ ಟ್ಯಾಬ್ಲೆಟ್ ಹಿಡಿದು ನೋಡಿದಾಗ ಗೊತ್ತಾಯಿತು. ಆಟೋದವರು ಹೇಳಿದ್ದು ಇನ್ನೊಂದು: ಬಸ್ಸು ಮೆಟ್ಟಿಲಿನ ಹಿಂದೆ ನಿಂತರೆ ಹತ್ತುವವರಿಗೆ ಬಸ್ಸಿನ ಬೋರ್ಡ್ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ರಸ್ತೆಗೇ ಬಂದು ನಿಲ್ಲುತ್ತಾರೆ. ಅಲ್ಲೇ ದಿನಪೂರ್ತಿ ನಿಲ್ಲುವವರಿಗೆ ಮಾತ್ರ ಹೊಳೆಯುವ ವಿಷಯ ಇದು.

ಸ್ಕೈವಾಕ್ ಬೇಕು ಅಂದವರೂ ಇದ್ದರು, ಅವರ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡೆವು. ಮಕ್ಕಳನ್ನು ಶಾಲೆಗೆ ಬಿಡುವ ಅಪ್ಪಂದಿರು ಹಲವರು, ‘ಮೆಟ್ಟಿಲು ಹತ್ತಲಿ ಪರವಾಗಿಲ್ಲ, ಗಾಡಿಗಳ ನಡುವೆ ನುಗ್ಗೋದು ಬೇಡ’ ಅಂದರು. ಸಿಗ್ನಲ್ ಹಾಕಿದರೂ ಬೈಕಿನವರು ನಿಲ್ಲಿಸುತ್ತಾರಾ ಅಂತ ಕೇಳಿದರು. ಅವರ ಭಯ ನಿಜವಾದದ್ದು, ಅದಕ್ಕೆ ಉತ್ತರ ಕೊಡಬೇಕಾದದ್ದು ನಮ್ಮ ಜವಾಬ್ದಾರಿ.

ಕಾಣದೇ ಇರುವುದು

ಕಣ್ಣು ಕಾಣದ ಹಿರಿಯರೊಬ್ಬರು ಬಿಳಿ ಕೋಲು ಹಿಡಿದು ಬಂದರು. ಪಕ್ಕದ ಬೀದಿಯವರು, ದಿನಾ ಅಲ್ಲೇ ಬಸ್ ಹತ್ತುತ್ತಾರೆ. ‘ಎಲ್ಲರೂ ನೋಡ್ತಿದ್ದೀರಿ, ನನಗೇನಿದೆ ಇದರಲ್ಲಿ?’ ಅಂತ ನೇರವಾಗಿ ಕೇಳಿದರು. ಹುಡುಗರಲ್ಲೊಬ್ಬ ಓಡಿಹೋಗಿ ಸುಣ್ಣದ ಪುಡಿ ತಂದ. ಟ್ಯಾಬ್ಲೆಟ್‌ನಲ್ಲಿ ನೋಡಿಕೊಂಡು ಮೆಟ್ಟಿಲಿನ ಅಂಚು ಎಲ್ಲಿ ಬರುತ್ತದೋ ಅಲ್ಲಿ ನೆಲದ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಅಂಗಡಿಯವರ ಖಾಲಿ ಕ್ರೇಟುಗಳನ್ನು ಜೋಡಿಸಿದೆವು. ಅವರು ಕೋಲಿನಿಂದ ತಟ್ಟುತ್ತಾ ನಡೆದರು. ಒಂದು ಕಡೆ ಕ್ರೇಟು, ಇನ್ನೊಂದು ಕಡೆ ಗೋಡೆ. ನಡುವೆ ಬೆಸ್ಕಾಂ ಕಂಬ ಸಿಕ್ಕಿತು. ಅಲ್ಲಿಗೆ ನಿಂತರು. ದಾರಿ ಮುಗಿದಿತ್ತು.

ಆ ಮೇಲೆ ಕ್ರೇಟುಗಳನ್ನು ನಾವು ತೆಗೆಯಲೇ ಇಲ್ಲ. ನೆಲದ ಮೇಲೆ ಸುಣ್ಣದ ಗೆರೆ, ಕ್ರೇಟು, ಎತ್ತರಕ್ಕೆ ಟ್ಯಾಬ್ಲೆಟ್. ಎರಡೂ ಸೇರಿದ್ದರಿಂದ ಅಗಲದ ಬಗ್ಗೆ ಅನುಮಾನ ಪಡುತ್ತಿದ್ದವರೂ ತಾವೇ ನಡೆದು ನೋಡಿದರು. ಇದನ್ನು ಮಾಡುವವರು ದುಬಾರಿ ಸಾಧನದ ಜೊತೆ ಒಂದು ಚೀಲ ಸುಣ್ಣದ ಪುಡಿಯನ್ನೂ ಮರೆಯದೆ ಇಟ್ಟುಕೊಳ್ಳಿ ಅಂತ ಒತ್ತಿ ಹೇಳುತ್ತೇನೆ.

ಕತ್ತಲಿನ ವಿಷಯದಲ್ಲಿ ಈ ತಂತ್ರಜ್ಞಾನ ದಾರಿ ತಪ್ಪಿಸುತ್ತದೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಹೆಂಗಸರು ರಾತ್ರಿ ಎಂಟಕ್ಕೆ ಬಂದು ನೋಡಿ ಅಂದರು. ಹೋದೆವು. ಪರದೆಯ ಮೇಲೆ ಸ್ಕೈವಾಕ್ ಬೆಳ್ಳಗೆ ಹೊಳೆಯುತ್ತಿತ್ತು, ಯಾಕಂದರೆ ಪರದೆ ತಾನೇ ಬೆಳಕು ಕೊಡುತ್ತದೆ. ನಿಜದಲ್ಲಿ ಎರಡೂ ಕಡೆ ಜಾಹೀರಾತು ಫಲಕ ಹೊದಿಸಿದ ಸೇತುವೆಯ ಒಳಗೆ ಎಷ್ಟು ಕತ್ತಲಿರುತ್ತದೆ, ಅಲ್ಲಿ ಯಾರು ನಿಂತಿರುತ್ತಾರೆ ಅನ್ನುವುದನ್ನು ಅದು ತೋರಿಸಲಾರದು. ಅದಕ್ಕೆ ಅವರನ್ನೇ ಕರೆದುಕೊಂಡು ಸ್ವಲ್ಪ ದೂರದಲ್ಲಿ ಈಗಾಗಲೇ ಇರುವ ಒಂದು ಸ್ಕೈವಾಕ್ ಹತ್ತಿದೆವು. ಹತ್ತುವಾಗ ಅವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಅವರ ಅಭಿಪ್ರಾಯ ಬರೆದುಕೊಂಡಿದ್ದು ಆ ಸೇತುವೆಯ ಮೇಲೆ ನಿಂತೇ.

ಇನ್ನೊಂದು ತೊಡಕು: ನಿಜವಾದ ಬಸ್ಸು ಮೆಟ್ಟಿಲಿನ ಮುಂದೆ ಬಂದು ನಿಂತರೂ ಪರದೆಯಲ್ಲಿ ಮೆಟ್ಟಿಲು ಬಸ್ಸಿನ ಮೇಲೆ ತೇಲುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಸಾಧನಕ್ಕೆ ದೂರದ ವಸ್ತುಗಳ ವಿಷಯದಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಪ್ರತಿಸಲ ಬಾಯಲ್ಲಿ ವಿವರಿಸಬೇಕಾಯಿತು.

ಕ್ಯಾಮೆರಾ ರಸ್ತೆಯ ಜನರನ್ನೆಲ್ಲ ನೋಡುತ್ತಿರುತ್ತದೆ ಅನ್ನುವುದನ್ನೂ ಮರೆಯಬಾರದು. ಶಾಲೆಯ ಮಕ್ಕಳಿರುವ ಜಾಗ. ನಾವು ಒಂದು ಫ್ರೇಮನ್ನೂ ಉಳಿಸಿಕೊಳ್ಳಲಿಲ್ಲ, ಹಾಗಂತ ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆದು ಹಾಕಿದ್ದೆವು.

ಎಂಜಿನಿಯರ್ ಬಂದ ದಿನ

ಇಲಾಖೆಯಿಂದ ಒಬ್ಬ ಎಂಜಿನಿಯರ್ ಬಂದರು. ಬರುತ್ತಾರೆ ಅಂತ ನಂಬಿಕೆ ಇರಲಿಲ್ಲ, ಬಂದರು, ಮತ್ತು ಪೂರ್ತಿ ಹೊತ್ತು ನಿಂತು ಕೇಳಿದರು. ಹೆಡ್‌ಸೆಟ್ ಹಾಕಿಕೊಂಡು ಮೆಟ್ಟಿಲಿನ ಪಕ್ಕ ಹೋಗಿ ತಾವೇ ಕ್ರೇಟಿನ ನಡುವೆ ನುಸುಳಿ ನೋಡಿದರು. ‘ಇಷ್ಟು ಟೈಟ್ ಆಗುತ್ತೆ ಅಂತ ಡ್ರಾಯಿಂಗಲ್ಲಿ ಅನ್ನಿಸಲ್ಲ’ ಅಂದರು.

ಮೆಟ್ಟಿಲನ್ನು ಹತ್ತಡಿ ಆಚೆ ಸರಿಸಿ ಸಾರ್ ಅಂತ ಜನ ಕೇಳಿದಾಗ ಅವರು ಕೊಟ್ಟ ಉತ್ತರ ನಮಗೆ ಯಾರಿಗೂ ಗೊತ್ತಿರದ ಸಂಗತಿ: ಅಲ್ಲಿ ನೆಲದಡಿ ದೊಡ್ಡ ನೀರಿನ ಕೊಳವೆ ಹೋಗಿದೆ, ಮೋರಿಯೂ ಅಲ್ಲೇ ತಿರುಗುತ್ತದೆ, ಪಾಯ ತೋಡೋಕೆ ಆಗುವುದಿಲ್ಲ. ನಮ್ಮ ಮಾದರಿಯಲ್ಲಿ ನೆಲದ ಮೇಲಿನದು ಮಾತ್ರ ಇತ್ತು. ಅವರಿಂದ ಆ ವಿವರ ಪಡೆದು ಕೊಳವೆಯನ್ನು ನೀಲಿ, ಮೋರಿಯನ್ನು ಕಂದು ಬಣ್ಣದಲ್ಲಿ ನೆಲದಡಿ ಕಾಣುವ ಹಾಗೆ ಸೇರಿಸಿದೆವು. ಮುಂದಿನ ಸಲ ಟ್ಯಾಬ್ಲೆಟ್ ಕೆಳಗೆ ಬಾಗಿಸಿದರೆ ಎಲ್ಲಿ ತೋಡಬಹುದು, ಎಲ್ಲಿ ಆಗಲ್ಲ ಅಂತ ಎಲ್ಲರಿಗೂ ಕಾಣುತ್ತಿತ್ತು. ‘ಸರಿಸೋಕೆ ಇವರಿಗೆ ಮನಸ್ಸಿಲ್ಲ’ ಅನ್ನುತ್ತಿದ್ದವರ ಮಾತು ಅಲ್ಲಿಗೆ ಬದಲಾಯಿತು. ಎಂಜಿನಿಯರ್‌ಗೆ ಗೊತ್ತಿರುವುದು ಜನಕ್ಕೆ ಕಾಣಬೇಕು, ಜನಕ್ಕೆ ಗೊತ್ತಿರುವುದು ಎಂಜಿನಿಯರ್‌ಗೆ ಕಾಣಬೇಕು. ಈ ಸಾಧನಗಳಿಂದ ನಾನು ಬಯಸುವುದು ಇಷ್ಟೇ, ಮತ್ತು ಅದು ಅಲ್ಲಿ ಆಗಿದ್ದನ್ನು ನೋಡಿದೆ.

ಹಾಗಾದರೆ ಇನ್ನೊಂದು ದಾರಿ ಯಾವುದು? ಈ ಪ್ರಶ್ನೆಯನ್ನು ಮೊದಲ ದಿನವೇ ಜನ ಕೇಳಿದ್ದರು. ಒಂದೇ ಮಾದರಿ ತೋರಿಸಿ ಬೇಕೋ ಬೇಡವೋ ಅಂತ ಕೇಳುವುದು ಭಾಗವಹಿಸುವಿಕೆ ಆಗುವುದಿಲ್ಲ. ಅದಕ್ಕೆ ಎರಡನೇ ಮಾದರಿ ಕಟ್ಟಿದೆವು. ರಸ್ತೆಯ ಮಟ್ಟದಲ್ಲೇ ದಾಟುವ ಜಾಗ, ಫುಟ್‌ಪಾತ್‌ನ ಎತ್ತರಕ್ಕೆ ಏರಿಸಿದ್ದು, ಅಂದರೆ 15 ಸೆಂಟಿಮೀಟರ್. ಅದನ್ನು ಹತ್ತಿ ಇಳಿಯಬೇಕಾದ್ದರಿಂದ ಗಾಡಿಗಳು ತಾವೇ ನಿಧಾನ ಆಗುತ್ತವೆ. ಬಟನ್ ಒತ್ತಿದರೆ ಬರುವ ಸಿಗ್ನಲ್, ಕಣ್ಣು ಕಾಣದವರಿಗೆ ಸದ್ದು. ಬಸ್ ಸ್ಟಾಪ್ ಸ್ವಲ್ಪ ಮುಂದಕ್ಕೆ. ಹೂವಿನವರ ಸಾಲು ಇದ್ದಲ್ಲೇ, ಗೋಡೆಗೆ ಒತ್ತಿಕೊಂಡು.

ಇಲ್ಲಿ ಜನ ಬರೀ ನೋಡಲಿಲ್ಲ, ಬದಲಾಯಿಸಿದರು. ಬೆರಳಿನಿಂದ ಎಳೆದರೆ ದಾಟುವ ಜಾಗ ಆಚೀಚೆ ಸರಿಯುವ ಹಾಗೆ ಮಾಡಿದ್ದೆವು. ಶಾಲೆಯ ಮಕ್ಕಳು ಅದನ್ನು ನಾವಿಟ್ಟಿದ್ದ ಕಡೆಯಿಂದ ಎಳೆದು ಶಾಲೆಯ ಪಕ್ಕದ ಸಣ್ಣ ಗೇಟಿನ ಎದುರಿಗೆ ತಂದರು. ‘ನಾವು ದೊಡ್ಡ ಗೇಟಿಂದ ಬರಲ್ಲ ಮಿಸ್, ಅದು ಮುಚ್ಚಿರುತ್ತೆ’ ಅಂತ ಒಬ್ಬ ಹುಡುಗಿ ಹೇಳಿದಳು. ಇಲಾಖೆಯ ನಕ್ಷೆಯೂ ನಮ್ಮ ಮಾದರಿಯೂ ದೊಡ್ಡ ಗೇಟನ್ನೇ ನಂಬಿಕೊಂಡಿದ್ದವು.

ಸಿಗ್ನಲ್‌ನ ಸಮಯವನ್ನೂ ಅಲ್ಲೇ ಅಳೆದೆವು. ಲೆಕ್ಕಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ. 14 ಮೀಟರ್ ರಸ್ತೆಗೆ 12 ಸೆಕೆಂಡ್. ದಿನಾ ದೇವಸ್ಥಾನಕ್ಕೆ ಹೋಗುವ ಒಬ್ಬ ಅಜ್ಜಿ ಅದೇ ಅಗಲವನ್ನು ಫುಟ್‌ಪಾತ್ ಮೇಲೆ ನಡೆದು ತೋರಿಸಿದರು, ಅವರಿಗೆ 20 ಸೆಕೆಂಡ್ ಮೀರಿತು. 12 ಸೆಕೆಂಡಿಗೆ ಅವರು ರಸ್ತೆಯ ನಡುವೆ ಸ್ವಲ್ಪ ಆಚೆ ಇರುತ್ತಾರೆ. ಅವರ ನಡಿಗೆಯ ಲೆಕ್ಕದಲ್ಲೇ ಸಿಗ್ನಲ್ ಇಡಬೇಕು ಅನ್ನುವುದು ಬೈಕಿನವರ ಬಗ್ಗೆ ಹೆದರಿದ್ದ ಅಪ್ಪಂದಿರೂ ಒಪ್ಪಿದ ಮಾತು. ಮಕ್ಕಳ ಹೊತ್ತಿಗೆ ಒಬ್ಬ ಟ್ರಾಫಿಕ್ ವಾರ್ಡನ್ ಇರಲಿ ಅನ್ನುವ ಷರತ್ತನ್ನು ಅವರು ಸೇರಿಸಿದರು. ಸರಿಯಾದ ಷರತ್ತು.

ಬರೆದುಕೊಂಡಿದ್ದು, ಉತ್ತರ ಕೇಳಿದ್ದು

ಇಂಥ ಕಾರ್ಯಕ್ರಮಗಳು ಹಾಳಾಗುವುದು ಇಲ್ಲೇ. ಜನ ಬರುತ್ತಾರೆ, ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಅವರು ಹೇಳಿದ್ದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಾವು ಒಂದು ಪುಸ್ತಕ ಇಟ್ಟೆವು. ಯಾರು ಅಂತ ಹೆಸರಲ್ಲ. ಎಲ್ಲಿ ನಿಂತು ನೋಡಿದರು, ಯಾವ ಮಾದರಿ ನೋಡಿದರು, ಏನು ಹೇಳಿದರು. ಕನ್ನಡ, ತಮಿಳು, ಉರ್ದು, ತೆಲುಗು, ಯಾವ ಭಾಷೆಯಲ್ಲಿ ಹೇಳಿದರೂ ಕನ್ನಡದಲ್ಲಿ ಬರೆದು ಅವರಿಗೇ ಓದಿ ಹೇಳಿ, ಸರಿ ಅಂದ ಮೇಲೆ ಮುಂದಕ್ಕೆ. ಪಕ್ಕದಲ್ಲಿ ಒಂದು ಖಾಲಿ ಕಾಲಂ: ಇಲಾಖೆಯ ಉತ್ತರ. ಪುಸ್ತಕದ ಪ್ರತಿಯನ್ನು ಎರಡೂ ಮಾದರಿಯ ಫೈಲುಗಳ ಜೊತೆ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆವು.

ಉತ್ತರಗಳು ನಿಧಾನವಾಗಿ ಬಂದವು. ಕೆಲವಕ್ಕೆ ಬಂದಿವೆ, ಕೆಲವಕ್ಕೆ ಇಲ್ಲ. ಮೆಟ್ಟಿಲು ಫುಟ್‌ಪಾತ್ ಮೇಲೆ ಇಳಿಯುವುದಿಲ್ಲ ಅಂತ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಅಲ್ಲಿ ಇಳಿಯದಿದ್ದರೆ ಇಳಿಯೋಕೆ ಬೇರೆ ಜಾಗ ಇಲ್ಲದ್ದರಿಂದ ಸ್ಕೈವಾಕ್ ಫೈಲು ಸದ್ಯಕ್ಕೆ ನಿಂತಿದೆ, ರದ್ದಾಗಿಲ್ಲ. ಸಣ್ಣ ಗೇಟಿನ ಎದುರು ಏರಿಸಿದ ದಾಟುದಾರಿಯನ್ನು ತಾತ್ಕಾಲಿಕವಾಗಿ ಹಾಕಿ ನೋಡೋಣ ಅಂದಿದ್ದಾರೆ. ಬಸ್ ಸ್ಟಾಪ್ ಸರಿಸೋಕೆ ಬಿಎಂಟಿಸಿ ಒಪ್ಪಬೇಕು, ಸಿಗ್ನಲ್‌ಗೆ ಟ್ರಾಫಿಕ್ ಪೊಲೀಸರು ಒಪ್ಪಬೇಕು, ಕಂಬ ಸರಿಸೋಕೆ ಬೆಸ್ಕಾಂ. ಒಂದು ರಸ್ತೆಯ 20 ಮೀಟರ್‌ಗೆ ಇಷ್ಟು ಬಾಗಿಲು ತಟ್ಟಬೇಕು. ಪರದೆಯ ಮೇಲೆ ಬೆರಳಿನಿಂದ ಎಳೆದಷ್ಟು ಸುಲಭವಾಗಿ ಅದು ಸರಿಯುವುದಿಲ್ಲ.

ಇಲಾಖೆಗೆ ನಾವು ಬರೆದುಕೊಟ್ಟ ಕೊನೆಯ ಕೋರಿಕೆ ಹೀಗಿದೆ: ಇನ್ನು ಮುಂದೆ ಫುಟ್‌ಪಾತ್ ಮೇಲೆ ಏನೇ ಕಟ್ಟುವುದಿದ್ದರೂ ಅಂದಾಜುಪಟ್ಟಿ ಮಂಜೂರಾಗುವ ಮುಂಚೆ, ಅದೇ ಜಾಗದಲ್ಲಿ, ನಿಜವಾದ ಅಳತೆಯಲ್ಲಿ, ಶಾಲೆ ಇರುವ ದಿನವೇ ತೋರಿಸಿ, ಮಾದರಿಯ ಫೈಲು ಎಲ್ಲರಿಗೂ ಸಿಗಲಿ, ಎರಡು ದಾರಿಯಾದರೂ ಇರಲಿ, ಹೇಳಿದ್ದಕ್ಕೆ ಲಿಖಿತ ಉತ್ತರ ಕೊಡಿ. ಸ್ವೀಕೃತಿ ಸಿಕ್ಕಿದೆ. ಮುಂದಿನ ವಾರ ಟ್ರಾಫಿಕ್ ಪೊಲೀಸರ ಜೊತೆ ಸ್ಥಳ ಪರಿಶೀಲನೆ ಇದೆ. ಅಜ್ಜಿಯ ನಡಿಗೆಯ ಲೆಕ್ಕದ ಹಾಳೆಯನ್ನೂ ಟ್ಯಾಬ್ಲೆಟ್ಟನ್ನೂ ತೆಗೆದುಕೊಂಡು ಹೋಗುತ್ತಿದ್ದೇವೆ.